ಕೇಳದೆ ಬಾಗಿಲು ಮುಚ್ಚದ ಸೊಸೆ

ಮಾಗಿಯ ಚಳಿ. ಬಿಸಿಲು ಇನ್ನೂ ಅಂಗಳಕ್ಕೆ ಇಳಿಯದ ಹೊತ್ತು. ಆಗ ಶುರುವಾಯಿತು ಇದು.

ನನ್ನ ಸೊಸೆ ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಕಾದ ಉರುಳೆಗಳ ದೊಡ್ಡ ಇಸ್ತ್ರಿ ಯಂತ್ರ. ಜೊತೆಗೆ ಕೆಲಸ ಮಾಡುವ ಗೆಳತಿ ಒದ್ದೆ ಹೊದಿಕೆಯ ಅಂಚನ್ನು ಉರುಳೆಗೆ ಒಡ್ಡುವಳು, ಇವಳು ಗುಂಡಿ ಒತ್ತುವಳು. ಒತ್ತುವ ಮೊದಲು “ಕೈ?” ಅನ್ನಬೇಕು. “ತೆಗ್ದೆ” ಅಂತ ಬಂದ ಮೇಲೇ ಒತ್ತಬೇಕು. ಆ ಬೆಳಗ್ಗೆಯೂ ಕೇಳಿದಳು, ಉತ್ತರವೂ ಬಂತು. ಒತ್ತಿದಳು. ಒದ್ದೆ ಅಂಚು ಗೆಳತಿಯ ಬೆರಳಿಗೆ ಸುತ್ತಿಕೊಂಡು ಕೈಯನ್ನೇ ಒಳಗೆಳೆಯಿತು.

ಸೊಸೆಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಮನೆಯ ಯಾವ ಬಾಗಿಲು ಮುಚ್ಚುವಾಗಲೂ “ಕೈ?” ಅನ್ನುವಳು. ನಾವೆಲ್ಲ “ತೆಗ್ದೆ” ಅನ್ನಬೇಕು. ಇಲ್ಲದಿದ್ದರೆ ಬಾಗಿಲು ಹಿಡಿದು ನಿಂತೇ ಇರುವಳು. ಊಟ ಸೇರದು, ನಿದ್ದೆ ಹತ್ತದು. ಕೆಲಸಕ್ಕೂ ಹೋಗಲಾರಳು.

“ಇದೇನು ಮನೆಯೋ ಲಾಂಡ್ರಿಯೋ?” ಅಂತ ನನ್ನ ಮಗ ರೇಗುತ್ತಿದ್ದ. “ಗಾಯ ಎಲ್ಲಿದೆ, ತೋರ್ಸು ನೋಡೋಣ.”

ಅವಳು ಅಂಗೈ ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಕೆಲವು ತಿಂಗಳ ಮೇಲೆ ಲಾಂಡ್ರಿಯಿಂದ ಮಾತು ಬಂತು: ಸೋಮವಾರ ಯಂತ್ರಕ್ಕೆ ಬರಬೇಕು, ಇಲ್ಲ ಕೆಲಸ ಬಿಟ್ಟೆ ಅಂತ ಬರೆದುಕೊಡಬೇಕು.

“ಬರ್ದುಕೊಡು, ಪೀಡೆ ತೊಲಗ್ಲಿ” ಅಂದ ಮಗ.

ಅದೇ ಹೊತ್ತಿಗೆ ಆ ಗೆಳತಿ ಬಂದಳು. ರವಿಕೆಯ ಒಂದು ತೋಳು ಖಾಲಿಯಾಗಿ ಜೋತಾಡುತ್ತಿತ್ತು.

“ಬರೀಬೇಡ ಕಣೇ!”

“ಅಕ್ಕ, ನಿಮ್ಮ ಕೈ ಹೋಯ್ತು, ಪರಿಹಾರ ಬಂತು. ಇವಳಿಗೇನು ಹೋಗಿದೆ?” ಅಂದ ಮಗ.

“ಅಲ್ಲಪ್ಪ, ನನ್ನ ಕೈ ಹೋಗಿದ್ದು ಎಲ್ರಿಗೂ ಕಾಣುತ್ತೆ. ಅದನ್ನ ಕಂಡೋಳ ನಿದ್ದೆ ಹೋಗಿದ್ದು ಯಾರಿಗೆ ಕಾಣುತ್ತೆ? ಪೆಟ್ಟು ಇಬ್ಬರಿಗೂ ಬಿತ್ತು.”

“ತಲೆ ಕೆಟ್ಟಿದೆ ಅಂತ ಬೀದಿಯವರು ಆಡ್ಕೊಳ್ಳಲ್ವಾ?”

“ಆಡ್ಕೊಳ್ಳೋರು ನಿನ್ನ ಮನೆ ಬಾಡಿಗೆ ಕಟ್ತಾರಾ? ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಈ ಕಾಯಿಲೆ ಆ ಅಪಘಾತದಿಂದ ಬಂದಿದ್ದು ಅಂತ ಅವ್ರು ಬರೆದುಕೊಡಬೇಕು. ಲಾಂಡ್ರಿಗೂ ಬರೆದು ತಿಳಿಸಿ. ಕಾರ್ಮಿಕ ಕಚೇರೀಲಿ ವಿಚಾರಿಸಿ, ಅರ್ಜಿಗೆ ಗಡುವು ಇರುತ್ತೆ. ಸಾಕ್ಷಿ ನಾನು ಹೇಳ್ತೀನಿ. ಅವಳು ಕೇಳಿದ್ಲು, ತೆಗ್ದೆ ಅಂದೋಳು ನಾನು.”

ಸೊಸೆ ಅವತ್ತು ಮೊದಲ ಸಲ ಅತ್ತಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ರಕ್ತ ಬಾರದ ಗಾಯವೂ ಗಾಯವೇ. ಕೆಲಸದಲ್ಲಿ ಅಪಘಾತ ಕಂಡು ಬಂದವರು ಮನೆಯಲ್ಲಿದ್ದರೆ ಬೈಯಬೇಡಿ. ಆತುರಪಟ್ಟು ಏನನ್ನೂ ಬರೆದುಕೊಡಬೇಡಿ. ಡಾಕ್ಟರಿಗೆ ತೋರಿಸಿ, ಪರಿಹಾರ ಕೇಳಿ. ಸಿಕ್ಕೀತೋ ಇಲ್ಲವೋ, ಕೇಳದವರಿಗಂತೂ ಸಿಗದು.

ನಮ್ಮ ಅರ್ಜಿಯ ತೀರ್ಮಾನ ಇನ್ನೂ ಆಗಿಲ್ಲ. ಸೊಸೆಯೂ ಪೂರ್ತಿ ಗುಣವಾಗಿಲ್ಲ. ಡಾಕ್ಟರ ಬಳಿಗೆ ಮೊದಲು ಹೊರಟ ದಿನ ಅವಳು ಹೊಸ್ತಿಲಲ್ಲಿ ನಿಂತು “ಕೈ?” ಅಂದಳು. ಆಗಲೇ ಬೀದಿಗಿಳಿದಿದ್ದ ಮಗ ತಿರುಗಿ ಬಂದ. ಎರಡೂ ಕೈ ಮೇಲೆತ್ತಿ “ತೆಗ್ದೆ ಕಣೇ” ಅಂದ. ಒಳಗಿಂದ ನಾನೂ ಅಂದೆ. ಬಾಗಿಲು ಮೆಲ್ಲಗೆ ಮುಚ್ಚಿತು. ಗಂಡಹೆಂಡತಿ ಇಬ್ಬರೂ ಹೋದರು. ಅಂದು ಲಾಂಡ್ರಿಯವರು ಹೇಳಿದ್ದ ಸೋಮವಾರ.