ಬಂದು ಹೋಗುವ ತಡೆ

"ಕಂಬಿ ಬಿಡಿ ಅಕ್ಕಾ. ನಾನು ಹಿಡ್ಕೊಂಡಿದೀನಲ್ಲ."

"ಅದು ನನಗೆ ಗೊತ್ತು ಟೀಚರ್. ನನ್ನ ಕೈಗೆ ಗೊತ್ತಾಗ್ತಿಲ್ಲ," ಎಂದಳು ಬೇಕರಿಯವಳು.

ಎದೆಮಟ್ಟದ ನೀರಿನಲ್ಲಿ ಅಂಗಾತ ಮಲಗಿದ್ದರೂ ಅವಳ ಬಲಗೈ ಈಜುಕೊಳದ ಅಂಚಿನ ಕಂಬಿಯನ್ನು ಬಿಟ್ಟಿರಲಿಲ್ಲ. ಸೇರಿದ ದಿನದಿಂದಲೂ ಹೀಗೇ. ಜೊತೆಗೆ ಸೇರಿದ ಹೆಂಗಸರು ಆಗಲೇ ಹಲಗೆ ಹಿಡಿದು, ಕಾಲು ಬಡಿಯುತ್ತ ಆಚೆ ತುದಿ ಮುಟ್ಟಿ ಬರುತ್ತಿದ್ದರು.

"ನೀರು ಅಂದ್ರೆ ಹಿಟ್ಟು ಕಲಸೋಕೆ ಎಷ್ಟು ಬೇಕೋ ಅಷ್ಟೇ ಕಂಡೋಳು ನಾನು. ಇಷ್ಟೊಂದು ನೀರು ಹಾಕಿದ್ರೆ ಯಾವ ಹಿಟ್ಟು ತಾನೆ ನಿಲ್ಲುತ್ತೆ?"

ಟೀಚರ್ ನಕ್ಕಳು. ಈಚೆಗೆ ನಗುವುದಕ್ಕೂ ಸುಸ್ತಾಗುತ್ತಿತ್ತು. ಒಂದು ಅಂಗೈ ಬೇಕರಿಯವಳ ತಲೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ನೀರಿನಲ್ಲಿ ಮನುಷ್ಯರು ಹಗುರ; ಆದರೂ ತೋಳು ಸೋಲುತ್ತಿತ್ತು.

ಮೊದಲು ಟೀಚರಿನ ಎದೆ ಸುಮ್ಮಸುಮ್ಮನೆ ಓಡುತ್ತಿತ್ತು. ತಲೆ ಬಾಚುವಾಗ, ಬಟ್ಟೆ ಮಡಚುವಾಗ, ಯಾರೋ ಅಟ್ಟಿಸಿಕೊಂಡು ಬಂದಂತೆ. ಕಳೆದ ವರ್ಷ ತೊಡೆಯ ರಕ್ತನಾಳದೊಳಗಿಂದ ತಂತಿ ತೂರಿಸಿ, ಓಟಕ್ಕೆ ಕಾರಣವಾಗಿದ್ದ ಚೂರನ್ನು ಹೃದಯದಲ್ಲಿ ಹುಡುಕಿ ಸುಟ್ಟರು. ಓಟ ನಿಂತಿತು. ಆದರೆ ಬಡಿತದ ಸೂಚನೆ ದಾಟುವ ಪಕ್ಕದ ದಾರಿಗೂ ಬಿಸಿ ತಾಕಿತ್ತು. ಈಗ ಎದೆ ಆಗೊಮ್ಮೆ ಈಗೊಮ್ಮೆ ಬಡಿಯುವುದನ್ನೇ ಮರೆಯುತ್ತಿತ್ತು. ಮೆಟ್ಟಿಲು ಹತ್ತುತ್ತಿದ್ದಂತೆ ಕಣ್ಣೆದುರು ಪರದೆ ಎಳೆದಂತಾಗುತ್ತಿತ್ತು. ಮರುಕ್ಷಣ ಎಲ್ಲವೂ ಮೊದಲಿನಂತೆ. ಪರೀಕ್ಷೆಯ ಪುಟ್ಟ ಯಂತ್ರವನ್ನು ಎದೆಗೆ ಅಂಟಿಸಿಕೊಂಡಾಗಲೆಲ್ಲ ಹೃದಯ ಸಾಹೇಬರು ಬಂದಾಗಿನ ಗುಮಾಸ್ತನಂತೆ ಶಿಸ್ತಾಗಿ ಬಡಿಯುತ್ತಿತ್ತು. ಕೊನೆಗೂ ಹೋದ ವಾರ ಸಿಕ್ಕಿಬಿತ್ತು.

"ಇದು ಬಡಿತದ ದಾರೀಲಿ ಬಂದು ಹೋಗೋ ತಡೆ," ಎಂದಿದ್ದರು ಡಾಕ್ಟರು. "ಬಂದಾಗ ನೀವು ಎಲ್ಲಿರ್ತೀರಿ ಅನ್ನೋದೇ ಭಯ. ಪೇಸ್‌ಮೇಕರ್ ಹಾಕಿಸ್ಕೊಳ್ಳಲೇಬೇಕು. ಅಲ್ಲೀವರೆಗೂ ನೀರಿಗಿಳೀಬೇಡಿ."

ಹೂಂ ಎಂದು ತಲೆಯಾಡಿಸಿ ಮನೆಗೆ ಬಂದಿದ್ದಳು. ಮಿಕ್ಸಿ ರಿಪೇರಿ ಮಾಡುವ ಗಂಡ ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿದ್ದ: "ಏನಂದ್ರು?"

"ಇನ್ನೂ ಸ್ವಲ್ಪ ದಿನ ನೋಡೋಣ ಅಂದ್ರು."

ಸುಳ್ಳು ಹೇಳಬೇಕೆಂದೇನೂ ಅಂದುಕೊಂಡಿರಲಿಲ್ಲ. ಮತ್ತೆ ಬೆನ್ನಿಗೆ ಗಂಟು ಹಾಕುವ ಆ ಗೌನು, ಮತ್ತೆ ಅಡುಗೆಗೆ ತಂಗಿಯನ್ನು ಕರೆಸುವುದು, ನೋಡಲು ಬಂದವರಿಗೆಲ್ಲ ಮತ್ತೆ ಮೊದಲಿನಿಂದ ಕಥೆ ಹೇಳುವುದು. ನೆನೆಸಿಕೊಂಡರೇ ಸಾಕೆನಿಸಿತ್ತು. ಮೇಲಾಗಿ, ನೀರು ಬಿಟ್ಟರೆ ಅವಳಿಗೆ ಬೇರೆ ಏನು ಗೊತ್ತಿತ್ತು?

"ಸರಿ, ಒಂದೊಂದೇ ಬೆರಳು ಬಿಡಿ," ಎಂದಳು ಈಗ.

ಬೇಕರಿಯವಳು ಕಣ್ಣು ಮುಚ್ಚಿ ಕಿರುಬೆರಳು ಎತ್ತಿದಳು. ಆಮೇಲೆ ಅದರ ಪಕ್ಕದ್ದು.

"ಹಾಂ, ಹಾಗೇ..."

ಕೊಳದ ಗದ್ದಲ ದೂರ ಸರಿಯಿತು. ಅಯ್ಯೋ, ಈಗ ಬೇಡ, ಎಂದುಕೊಂಡಳು ಟೀಚರ್. ಅಷ್ಟೇ ನೆನಪು.

ಮತ್ತೆ ಎಚ್ಚರವಾದಾಗ ಮೂಗು ಗಂಟಲೆಲ್ಲ ಉರಿಯುತ್ತಿತ್ತು. ಕೆನ್ನೆ ಯಾರದೋ ಒದ್ದೆ ಭುಜಕ್ಕೆ ಒತ್ತಿಕೊಂಡಿತ್ತು. ಬೇಕರಿಯವಳು ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ಅವಳನ್ನೂ ಬಿಗಿಯಾಗಿ ಹಿಡಿದು, "ಬನ್ರೇ, ಬನ್ರೇ!" ಎಂದು ಅರಚುತ್ತಿದ್ದಳು. ಉಳಿದವರು ಹಲಗೆಗಳನ್ನು ಬಿಟ್ಟು ಬಂದು ಅವಳನ್ನು ಮೆಟ್ಟಿಲಿಗೆ ಎಳೆದು ಕೂರಿಸಿದರು.

"ಏನಾಯ್ತು ಟೀಚರ್?"

ಕೆಮ್ಮು ಅವಳನ್ನು ಮಾತಾಡಲು ಬಿಡಲಿಲ್ಲ. ಬೇಕರಿಯವಳೇ ಹೇಳಿದಳು: "ಕಾಲು ಜಾರ್ತು ಪಾಪ. ಸ್ವಲ್ಪ ಗಾಳಿ ಬಿಡಿ, ಸುತ್ಕೋಬೇಡಿ."

ಅವರು ದೂರ ಸರಿದ ಮೇಲೆ ಹತ್ತಿರ ಬಂದು ಕೂತಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಕಾಲು ಜಾರಿದ್ದಲ್ಲ ಅದು. ಕಣ್ಣು ಬಿಟ್ಕೊಂಡೇ ಮುಳುಗಿದ್ರಿ."

ಟೀಚರ್ ಮೂಗಿನ ನೀರು ಒರೆಸಿಕೊಂಡಳು.

"ಮುಂಚೆನೂ ಆಗಿತ್ತಾ?"

"ಹೂಂ."

"ಹೇಳ್ಬೇಡಿ ಅಂದ್ರೆ ನಾನು ಯಾರಿಗೂ ಹೇಳಲ್ಲ. ಆದ್ರೆ ನಾಳೆ ನಿಮ್ಮ ಕೈ ಮೇಲೆ ಮಲಗಲ್ಲ." ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. "ನಿಮ್ಮ ಮಾತು ಕೇಳಿ ಎಲ್ಲಾ ಬೆರಳೂ ಬಿಟ್ಟಿದ್ರೆ ಇಬ್ರೂ ಹೋಗ್ತಿದ್ವಿ."

ಟೀಚರ್ ತನ್ನ ಅಂಗೈಗಳನ್ನು ನೋಡಿಕೊಂಡಳು. ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಎಷ್ಟೋ ಜನರ ತಲೆಯನ್ನು ಅವುಗಳ ಮೇಲಿಟ್ಟುಕೊಂಡು, ಏನೂ ಆಗಲ್ಲ, ನಾನಿದೀನಿ ಎಂದಿದ್ದಳು.

"ಎಲ್ರೂ ಮೇಲೆ ಬನ್ನಿ," ಎಂದಳು. ದನಿ ಹೊರಡದೆ ಇನ್ನೊಮ್ಮೆ ಹೇಳಬೇಕಾಯಿತು. "ಕಾಲು ಜಾರಿದ್ದಲ್ಲ. ನನ್ನ ಹಾರ್ಟು ಆಗಾಗ ನಿಲ್ಲುತ್ತೆ. ಗೊತ್ತಿದ್ದೂ ಇಳಿದೆ, ತಪ್ಪಾಯ್ತು. ಮ್ಯಾನೇಜರ್‌ಗೆ ನಾನೇ ಹೇಳ್ತೀನಿ."

ಯಾರೂ ಬಯ್ಯಲಿಲ್ಲ. ಒಬ್ಬಳು ಟವೆಲ್ ಹೊದಿಸಿದಳು, ಇನ್ನೊಬ್ಬಳು ಫೋನು ತಂದುಕೊಟ್ಟಳು. ಗಂಡನ ನಂಬರ್ ಒತ್ತಿದಳು; ಆ ಕಡೆ ಮಿಕ್ಸಿ ಗರ್ರೆನ್ನುತ್ತಿತ್ತು.

"ಡಾಕ್ಟ್ರು ನೋಡೋಣ ಅಂದಿರ್ಲಿಲ್ಲ ಕಣ್ರೀ," ಎಂದಳು. "ಪೇಸ್‌ಮೇಕರ್ ಹಾಕಿಸ್ಲೇಬೇಕು ಅಂದಿದ್ರು."

ಮಿಕ್ಸಿಯ ಸದ್ದು ನಿಂತಿತು.

"ಈಗೆಲ್ಲಿದೀಯ?"

"ಕೊಳದ ಮೆಟ್ಟಿಲ ಮೇಲೆ."

"ಅಲ್ಲೇ ಕೂತಿರು. ಏಳ್ಬೇಡ. ಬಂದೆ."

ಹೆಂಗಸರು ಬಟ್ಟೆ ಬದಲಿಸಲು ಹೋದರು. ಬೇಕರಿಯವಳು ಮಾತ್ರ ಉಳಿದಳು. ಟೀಚರಿನ ಪಾದಗಳು ಇನ್ನೂ ನೀರಿನಲ್ಲೇ ಇದ್ದವು. ಬೇಕರಿಯವಳು ಬಗ್ಗಿ, ಮಲಗಿದ ಮಗುವಿನ ಕಾಲು ಸರಿಪಡಿಸುವಂತೆ, ಒಂದೊಂದನ್ನೇ ಎತ್ತಿ ಒಣ ಕಲ್ಲಿನ ಮೇಲಿಟ್ಟಳು. ಪಾದಗಳಿದ್ದ ಜಾಗದಲ್ಲಿ ನೀರು ಸ್ವಲ್ಪ ಹೊತ್ತು ಅಲುಗಾಡಿ, ಮಟ್ಟವಾಯಿತು.