ಜಗಲಿಯ ಮೇಲಿನ ಪ್ಲಗ್ ಪಾನಾ

ಮಹಾನವಮಿಯ ಖಂಡೆ ಪೂಜೆ, ಆಯುಧಗಳನ್ನು ಪೂಜಿಸುವ ದಿನ, ಹೊತ್ತೇರುವುದರೊಳಗೆ ಸುವರ್ಣಾಳ ಪಿತ್ತ ನೆತ್ತಿಗೇರಿತ್ತು. ಕಾರಣ ಅಂಗಳದಲ್ಲೇ ನಿಂತಿತ್ತು. ಚೆಂಡು ಹೂವಿನ ಮಾಲೆ ಹಾಕಿಕೊಂಡು, ವಿಭೂತಿ ಬಳಿಸಿಕೊಂಡು, ಚಾಲೂ ಮಾಡಿದರೆ ಗಡಗಡ ನಡುಗಿ ಬಂದ್ ಬೀಳುವ ವ್ಯಾನು. ಒಳಗೆ ಪಡಸಾಲೆಯಲ್ಲಿ ಅತ್ತೆ ಸಿದ್ದವ್ವ ಬಾತ ಕಾಲು ಚಾಚಿ ಕೂತಿದ್ದಳು. ಅವಳ ಕಿಡ್ನಿಗಳು ಕೈಕೊಟ್ಟು ವರ್ಷವಾಗಿತ್ತು. ಮಧ್ಯಾಹ್ನ ವಿಜಯಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪಾಳಿ. ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಯುಗಾದಿ ಹೊತ್ತಿಗೆ ಒಮ್ಮೆ ಹಾಗಾಗಿ, ಮುದುಕಿ ಉಳಿದದ್ದೇ ದೊಡ್ಡ ಮಾತಾಗಿತ್ತು.

ವ್ಯಾನು ಬೆಳಗಿನ ತನಕ ನೆಟ್ಟಗೇ ಇತ್ತು. ಕೆಡಿಸಿದವನು ಗಂಡ ಶ್ರೀಶೈಲಪ್ಪ, ಅದೂ ಭಕ್ತಿಯಿಂದ. ನಸುಕಿನಲ್ಲಿ ನಿಡಗುಂದಿಗೆ ಬಾಡಿಗೆ ಹೋಗಿ ಬಂದವನೇ ಗಾಡಿ ತೊಳೆಯಲು ನಿಂತ. ಮುಂದಿನ ಸೀಟು ಎತ್ತಿದರೆ ಕೆಳಗೇ ಎಂಜಿನ್ನು. ಹೊರಗಷ್ಟೇ ತೊಳೆದರೆ ಅದೆಂಥ ಪೂಜೆ ಎಂದು, ಕಾದ ಎಂಜಿನ್ನಿಗೂ ಪೈಪು ಹಿಡಿದ. ಆಮೇಲೆ ಕಾಯಿ ಒಡೆದು ಆ ನೀರನ್ನೂ ಅದರ ಮೇಲೆಯೇ ಸುರಿದ. ಬೇಡವೆಂದ ಸುವರ್ಣಾಳಿಗೆ, ಹೆಂಗಸರಿಗೆ ಗಾಡಿಯ ಉಸಾಬರಿ ಯಾಕೆ ಎಂದಿದ್ದ.

ಯಾಕಂತೆ! ಆ ಎಂಜಿನ್ನಿನ ನಾಲ್ಕು ಪ್ಲಗ್‌ಗಳಲ್ಲಿ ಹಿಂದಿನದು ಕಬ್ಬಿಣದ ಚೌಕಟ್ಟಿನ ಅಡಿಯಲ್ಲಿ, ಆಳದ ಕುಳಿಯಲ್ಲಿ ಕೂತಿದೆ. ಶ್ರೀಶೈಲಪ್ಪನ ದಪ್ಪ ಕೈ ಅಲ್ಲಿಗೆ ಹೋಗುವುದೇ ಇಲ್ಲ. ಪ್ರತಿ ಸಲ ಮೂರು ಪ್ಲಗ್ ತಾನು ಬದಲಿಸಿ, ನಾಲ್ಕನೆಯದಕ್ಕೆ ಹೆಂಡತಿಯನ್ನು ಕೂಗುತ್ತಿದ್ದ. ಮಂದಿಯ ಮುಂದೆ ಮಾತ್ರ ನಾಲ್ಕನ್ನೂ ತಾನೇ ಹಾಕಿದೆ ಎನ್ನುತ್ತಿದ್ದ. ಹೋಗಲಿ ಎಂದು ಅವಳೂ ಸುಮ್ಮನಿದ್ದಳು.

ನೀರು ಇಳಿದದ್ದು ಆ ಕುಳಿಗೇ ಎಂದು ಸದ್ದು ಕೇಳಿದೊಡನೆ ಅವಳಿಗೆ ತಿಳಿಯಿತು. ಒರೆಸಿ ಹೊಸ ಪ್ಲಗ್ ಹಾಕಿದರೆ ಮುಗಿಯಿತು. ಆದರೆ ಪ್ಲಗ್ ಬಿಚ್ಚುವ ಪಾನಾ, ಬಾಗೇವಾಡಿಯಿಂದ ತಂದಿದ್ದ ಹೊಸ ಪ್ಲಗ್‌ಗಳು, ಎಲ್ಲವೂ ದೇವರ ಜಗಲಿಯ ಮೇಲೆ ಕುಡಗೋಲುಗಳ ಜೊತೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಹಂಚುವ ತನಕ ಮುಟ್ಟುವ ಹಾಗಿಲ್ಲ. ಪಕ್ಕದ ಮನೆಯ ಮೈಬೂಬ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನ ಹತ್ತಿರ ಕೇಳೋಣವೆಂದರೆ, ಅವನ ಅಪ್ಪನ ಕಾಲದಿಂದಲೂ ಆ ಮನೆಯ ಹತಾರಗಳು ಈ ದಿನ ಇದೇ ಜಗಲಿಗೆ ಬರುತ್ತವೆ. ಪ್ಲಗ್ ಪಾನಾ ಕೂಡ ಅವನದೇ.

ಶ್ರೀಶೈಲಪ್ಪ ಬೇರೆ ಗಾಡಿಗಳಿಗೆ ಫೋನು ಹಚ್ಚಿದ. ತಮ್ಮೂರು ಗೊಳಸಂಗಿಯ ಗಾಡಿಗಳೆಲ್ಲ ಹಬ್ಬದ ಬಾಡಿಗೆಗೆ ಹೋಗಿದ್ದವು. ಬಸ್ಸು ಹತ್ತುವುದು ಸಿದ್ದವ್ವನಿಂದ ಆಗದ ಮಾತು. ಕೊನೆಗೆ ಅವನು ಕಟ್ಟೆಯ ಮೇಲೆ ಕೂತು, ಒಂದು ದಿನ ತಡವಾದರೆ ಏನಾದೀತು, ನಾಳೆ ಹೋದರಾಯಿತು ಎಂದ. ಸಿದ್ದವ್ವನೂ ಮಗನ ಮಾತಿಗೆ ಹೂಂಗುಟ್ಟಿದಳು. ಅಷ್ಟು ಹೇಳಲಿಕ್ಕೂ ಅವಳಿಗೆ ಉಸಿರು ಸಾಲಲಿಲ್ಲ.

ಸುವರ್ಣಾಳ ಮೈಯೆಲ್ಲ ಉರಿಯಿತು. ಎಂಥ ಮಗ ಇವನು? ಕಬ್ಬಿಣಕ್ಕೆ ಇವತ್ತೇ ವಿಶ್ರಾಂತಿ ಬೇಕು, ಹೆತ್ತವಳ ಉಸಿರಿಗೆ ನಾಳೆಯಾದರೂ ನಡೆಯುತ್ತದೆ. ಅವಳು ಸೀದಾ ಜಗಲಿಗೆ ನಡೆದಳು. ಅವನು ಎದ್ದು ಬಂದು ಅಡ್ಡ ನಿಂತ.

"ಮುಟ್ಟಬ್ಯಾಡ. ಆ ಪಾನಾ ನಮ್ಮದೂ ಅಲ್ಲ, ಮೈಬೂಬಂದು. ಅವನ ಪೂಜಿ ಕೆಡಸ್ತಿ ಏನು?"

ಗದ್ದಲ ಕೇಳಿ ಬಂದು ಹೊಸ್ತಿಲಲ್ಲಿ ನಿಂತಿದ್ದ ಮೈಬೂಬ, "ಪಾನಾ ನಂದ ಐತ್ರಿ ವೈನಿ. ತಗೋರಿ" ಎಂದ.

ಅವಳು ತೆಗೆದುಕೊಂಡಳು. ಹೊಸ ಪ್ಲಗ್ ಒಂದನ್ನೂ ಎತ್ತಿಕೊಂಡು, ಬಳೆ ಮೇಲೇರಿಸಿ ಸೀಟು ಎತ್ತಿದಳು. ಕುಳಿಯ ತುಂಬ ನೀರು, ಮೇಲೆ ಚೆಂಡು ಹೂವಿನ ಎಸಳು. ಬಟ್ಟೆಯ ಚೂರು ಇಳಿಸಿ ಇಳಿಸಿ ನೀರು ಹೀರಿಸಿದಳು, ಹಾಗೇ ಬಿಚ್ಚಿದರೆ ನೀರು ಎಂಜಿನ್ನಿನ ಹೊಟ್ಟೆಗೇ ಹೋಗುತ್ತದೆ. ಚೌಕಟ್ಟು ತಾಗಿ ಮುಂಗೈ ತರಚಿತು. ಹೊರಬಂದ ಪ್ಲಗ್‌ನ ಬಿಳಿ ಪಿಂಗಾಣಿ ಸೀಳಿತ್ತು. ಕಾದ ಮೈಗೆ ತಣ್ಣೀರು ಬಿದ್ದರೆ ಇನ್ನೇನಾಗುತ್ತದೆ? ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಚ್ಚಿದಳು. ಶ್ರೀಶೈಲಪ್ಪ ಪಕ್ಕದಲ್ಲಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದ. ಕೀಲಿ ತಿರುವಿದಾಗ ವ್ಯಾನು ಒಂದೇ ಸಲಕ್ಕೆ ಹಿಡಿಯಿತು.

ಸಿದ್ದವ್ವನನ್ನು ಹತ್ತಿಸಿ, ಸುವರ್ಣಾ ಮತ್ತೆ ಒಳಗೆ ಹೋದಳು. ಪಾನಾ ಇದ್ದ ಜಾಗದಲ್ಲಿ ಆ ಸೀಳಿದ ಪ್ಲಗ್ ಇಟ್ಟು, ಹಿಂದೆಯೇ ಬಂದ ಗಂಡನಿಗೆ ಹೇಳಿದಳು.

"ನಾಳಿ ತನಕ ಇದಕ್ಕ ಕೈ ಮುಗೀರಿ. ನಿಮ್ಮ ಭಕ್ತಿ ಏನ ಮಾಡೇತಿ ಅಂತ ದೇವರಿಗೂ ಗೊತ್ತಾಗ್ಲಿ."

ಅವನು ಹೊರಗೆ ಹೋಗಿ ಗಾಡಿ ಹೊಡೆದ. ಪಾಳಿಯ ಹೊತ್ತಿಗೆ ಮುಟ್ಟಿದರು. ಆಸ್ಪತ್ರೆಯ ಬಾಗಿಲಲ್ಲಿ ಪರಿಚಯದ ಕಾವಲುಗಾರ ಯಾಕೆ ಅವಸರ ಎಂದು ಕೇಳಿದ್ದೇ ತಡ, ಶ್ರೀಶೈಲಪ್ಪನಿಗೆ ನಾಲಿಗೆ ಬಂತು. ಗಾಡಿ ಕೆಟ್ಟಿತ್ತು, ಪ್ಲಗ್ ಬಹಳ ಒಳಗೆ, ಹಬ್ಬದ ದಿನ ಮನೆಯಲ್ಲೇ ಕೂತು ಹಾಕಿದೆ ಎಂದು ಶುರು ಮಾಡಿದ. ಸುವರ್ಣಾ ತರಚಿದ ಕೈಯನ್ನು ಸೆರಗಿನೊಳಗಿಂದ ಹೊರಗೆ ತೆಗೆದಳು. ಅವಳು ಬಾಯಿ ತೆರೆಯುವ ಮೊದಲೇ, ಗಾಲಿಕುರ್ಚಿಯಲ್ಲಿದ್ದ ಸಿದ್ದವ್ವ ಇದ್ದಷ್ಟು ಉಸಿರು ಕೂಡಿಸಿಕೊಂಡು ಮಗನ ಕಡೆ ತಿರುಗಿದಳು.

"ನೀ ಬರೇ ಬೆಳಕ ಹಿಡದಿದ್ದೆಪ್ಪಾ."