ಬಲಕ್ಕೆ ನಾಲ್ಕು ಬೆರಳು

ಟವೆಲಿನ ಗಂಟು ಬಿಚ್ಚಿ ದುರ್ಗಾ ಕೌಂಟರಿನ ಮೇಲೆ ಇಟ್ಟದ್ದು ಚಷ್ಮಾ ಆಗಿರಲಿಲ್ಲ. ಗೇಣಿಗಿಂತ ತುಸು ಉದ್ದದ ಕಪ್ಪು ಕೊಳವೆ. ಎರಡೂ ತುದಿಗೆ ಗಾಜು, ನಡುವೆ ಮೇಲೊಂದು, ಬಲಕ್ಕೊಂದು ತಿರುಪು.

"ಅಕ್ಕಾರ, ಇದು ಏರ್‌ಗನ್ನಿನ ಸ್ಕೋಪ್. ಗುರಿ ನೋಡೂ ದುರ್ಬೀನು," ಅಂದಳು. "ತಪ್ಪು ಇದರಾಗೈತೋ ನನ್ನಾಗೈತೋ, ಅಷ್ಟು ಹೇಳಿದ್ರ ಸಾಕು."

ಪದ್ಮಜಾ ಬ್ಯಾಡಗಿಯಲ್ಲಿ ಚಷ್ಮಾದ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಗಿತ್ತು. ಮೆಣಸಿನಕಾಯಿ ದಲಾಲರು, ಹಮಾಲರು, ಸಾಲಿ ಮಾಸ್ತರರು, ಊರಿನ ಅರ್ಧ ಮೂಗುಗಳ ಅಳತೆ ಅವಳಿಗೆ ಬಾಯಿಪಾಠ. ಬಂದೂಕನ್ನು ಮಾತ್ರ ಆಯುಧಪೂಜೆಯ ಫೋಟೊದಲ್ಲಿ ಬಿಟ್ಟರೆ ಹತ್ತಿರದಿಂದ ಕಂಡವಳಲ್ಲ. ಆದರೂ ಹುಡುಗಿ ಕೇಳಿದ ರೀತಿಗೆ ಕುರ್ಚಿ ಎಳೆದು, ಕುಂದ್ರು ಅಂದಳು.

ದುರ್ಗಾ ಕದರಮಂಡಲಗಿಯವಳು. ಇಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಮೂರು ವರ್ಷದಿಂದ ಬೆಳಿಗ್ಗೆ ಡ್ಯೂಟಿಗೆ ಮೊದಲು ಶಿವಾನಂದ ಸರ್ ಹತ್ತಿರ ಗುರಿ ಕಲಿಯುತ್ತಿದ್ದಳು. ಎರಡು ತಿಂಗಳಿಂದ ಹೊಡೆದ ಗುಂಡೆಲ್ಲ ನಡುವಿನಿಂದ ನಾಲ್ಕು ಬೆರಳು ಬಲಕ್ಕೇ ಬೀಳುತ್ತಿದ್ದವು. ಪಕ್ಕದ ತಿರುಪನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಗುಂಡು ಎಡಕ್ಕೆ ಸರಿಯಬೇಕು. ಒಂದಿಷ್ಟು ಸರಿಯಿತು, ಆಮೇಲೆ ತಿರುಪು ತುದಿ ಮುಟ್ಟಿ ನಿಂತುಬಿಟ್ಟಿತು. ಬಂದೂಕಿನ ಕುದುರೆ ಒತ್ತುವಾಗ ನಿನ್ನ ಬೆರಳು ಜಗ್ಗುತ್ತದೆ ಎಂದು ಸರ್ ಹೇಳಿದರು. ಅವಳು ನಂಬಿದಳು. ಮನೆಯಲ್ಲಿ ಖಾಲಿ ಬಂದೂಕು ಹಿಡಿದು ಬೆರಳಿಗೆ ದಿನಾ ಪಾಠ ಮಾಡಿದಳು. ಬರುವ ಐತವಾರ ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ತಾನು ಬರುವುದಿಲ್ಲವೆಂದು ಸರ್‌ಗೆ ಹೇಳಲು ಇವತ್ತೇ ಹೊರಟಿದ್ದಳು.

ಪದ್ಮಜಾ ಕೊಳವೆಯನ್ನು ತಿರುವಿ ತಿರುವಿ ನೋಡಿದಳು. ಗಾಜಿನಲ್ಲಿ ಗೀರಿಲ್ಲ. ಒಳಗೆ ಕೂದಲಿನಷ್ಟು ಸಪೂರ ಎರಡು ಗೆರೆ ಒಂದನ್ನೊಂದು ದಾಟಿ ಕೂಡುಗೆರೆಯಾಗಿದ್ದವು. ಅವಳಿಗೆ ಏನು ಹೊಳೆಯಿತೋ, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಗೆ ಅದರ ಮುಂದಿನ ಗಾಜನ್ನು ಒತ್ತಿಹಿಡಿದು ಹಿಂದಿನಿಂದ ಇಣುಕಿದಳು. ಎರಡು ಕೂಡುಗೆರೆ ಕಂಡವು. ಒಂದು ಖರೇದು, ಇನ್ನೊಂದು ಅದರ ಬಿಂಬ. ಎರಡೂ ದೂರ ದೂರ. ತಿರುಪನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ಟಿಕ್ ಎಂದಾಗಲೆಲ್ಲ ಒಂದು ಕೂಡುಗೆರೆ ಇನ್ನೊಂದರ ಕಡೆ ಹೆಜ್ಜೆ ಇಟ್ಟು ಬಂತು, ಕಡೆಗೆ ಎರಡೂ ಒಂದಾದವು. ಕೂಡುಗೆರೆ ಈಗ ಗಾಜಿನ ನಟ್ಟನಡುವೆ ಇತ್ತು.

ತಿರುಪು ಹೇಳಿದ ಮಾತು ಕೇಳುತ್ತದೆ, ಇದರೊಳಗೆ ತಪ್ಪಿಲ್ಲ ಎಂದಳು ಸಂತೋಷದಿಂದ. ಹಾಗೆಂದ ಮೇಲೆ ದುರ್ಗಾಳ ಮುಖ ನೋಡಿದಳು. ಹುಡುಗಿ ಟವೆಲು ಮಡಚತೊಡಗಿದ್ದಳು.

"ಇದರಾಗ ಇಲ್ಲ ಅಂದ್ರ ನಿನ್ನಾಗ ಅದ ಅಂತ ಅರ್ಥ ಅಲ್ಲವ್ವಾ," ಅಂದಳು ಪದ್ಮಜಾ. "ನಡುವ ಇನ್ನೂ ಏನೇನೋ ಇರ್ತಾವ. ನಡಿ, ಬಂದೂಕು ನೋಡೋಣು."

ಅದು ಗುರುವಾರ, ಪೇಟೆಯ ದಿನ. ಅಂಥ ದಿನ ಹಾಡಹಗಲು ಪದ್ಮಜಾಬಾಯಿ ಶಟರ್ ಎಳೆದದ್ದನ್ನು ಕಂಡು ಎದುರಿನ ಟೇಲರ್ ಯೂಸುಫಸಾಬ ಮಷೀನು ನಿಲ್ಲಿಸಿ ಹೊರಗೆ ಬಂದ. ಯಾರು ತೀರಿಕೊಂಡರು ಎಂದು ಕೇಳಿದ. ಯಾರೂ ಇಲ್ಲ, ಬಂದೂಕು ಹೊಡೆಯಲು ಹೊರಟಿದ್ದೇನೆ ಎಂದಳು. ಅವರಿಬ್ಬರೂ ತಿರುವು ದಾಟುವವರೆಗೂ ಅವನು ಕೈಯಲ್ಲಿ ಕತ್ತರಿ ಹಿಡಿದು ಅಲ್ಲೇ ನಿಂತಿದ್ದ.

ಶಿವಾನಂದ ಸರ್ ಗುರಿ ಕಲಿಸುತ್ತಿದ್ದದ್ದು ಹಳೆಯ ಮೆಣಸಿನಕಾಯಿ ಗೋದಾಮಿನಲ್ಲಿ. ಒಂದು ತುದಿಗೆ ಮಲಗಿ ಹೊಡೆಯಲು ಗೋಣಿತಟ್ಟು, ಇಪ್ಪತ್ತೈದು ಮೀಟರ್ ಆಚೆ ಹಲಗೆಯ ಮೇಲೆ ಗುರಿಯ ಕಾಗದ, ಹಲಗೆಯ ಹಿಂದೆ ಹಳೇ ಚೀಲಗಳ ರಾಶಿ. ಸರ್ ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಚಷ್ಮಾದ ಅಂಗಡಿಯವರು ಬಂದೂಕು ನೋಡಲು ಬಂದದ್ದಕ್ಕೆ ಮೀಸೆಯಲ್ಲೇ ನಕ್ಕು, ಆದರೂ ಮರ್ಯಾದೆಯಿಂದ ಸ್ಟೂಲು ಕೊಟ್ಟರು. ಕಾಯಿಲೆ ಬೆರಳಿನದು ಎಂದು ಮತ್ತೆ ಹೇಳಿದರು.

ಪದ್ಮಜಾ ವಾದ ಮಾಡಲಿಲ್ಲ. ಬಂದೂಕನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು ನೀವೇ ಮೂರು ಗುಂಡು ಹೊಡೆಯಿರಿ ಎಂದು ಕೇಳಿಕೊಂಡಳು. ಸರ್ ಸ್ಕೋಪನ್ನು ಬಂದೂಕಿಗೆ ಕೂಡಿಸಿ ತಿರುಪುಗಳನ್ನು ಬಿಗಿದರು, ಮಲಗಿದರು, ಉಸಿರು ಹಿಡಿದು ಹೊಡೆದರು. ಮೂರೂ ಒಂದು ರೂಪಾಯಿ ನಾಣ್ಯದ ಅಗಲದೊಳಗೆ ಬಿದ್ದಿದ್ದವು. ಆದರೆ ಕಾಗದದ ಮೇಲಲ್ಲ. ಪದ್ಮಜಾ ತಿರುಪನ್ನು ನಡುವಿಗೆ ತಂದದ್ದಕ್ಕೆ ಈಗ ಇನ್ನೂ ಬಲಕ್ಕೆ, ಬರೀ ಹಲಗೆಯ ಮೇಲೆ.

ಸರ್ ಮೇಲೇಳಲಿಲ್ಲ. ಹಾಗೇ ಮಲಗಿ ಆ ಮೂರು ತೂತುಗಳನ್ನೇ ನೋಡುತ್ತಿದ್ದರು. ಪದ್ಮಜಾ ಬಂದೂಕಿನ ಹಿಂದೆ ನಿಂತು, ಗಿರಾಕಿಯ ಮೂಗಿನ ಮೇಲೆ ಫ್ರೇಮು ನೆಟ್ಟಗೆ ಕೂತಿದೆಯೇ ಎಂದು ನೋಡುವ ಹಾಗೆ ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿದಳು. ನಳಿಗೆ ಒಂದು ಕಡೆ ಹೊರಟಿತ್ತು, ಕೊಳವೆ ಸಾಸಿವೆಯಷ್ಟು ಬೇರೆ ಕಡೆ.

"ಸರ್, ಇದು ಸೊಟ್ಟ ಕೂತದ," ಅಂದಳು. "ಚಷ್ಮಾದ ಎಡಗಡ್ಡಿ ಬಲಗಡ್ಡಿ ನೋಡ್ಲಿಕ್ಕೆ ಒಂದೇ ಥರ ಇರ್ತಾವ. ಅದಲುಬದಲು ಹಾಕಿದ್ರ ಹಿಂಗ ಆಗ್ತದ."

ಸರ್ ಮಂಡಿಯೂರಿ ಕೂತು, ಕೊಳವೆಯನ್ನು ಬಂದೂಕಿಗೆ ಕಚ್ಚಿಸುವ ಎರಡು ಹಿಡಿಕೆಗಳನ್ನು ಬೆರಳಿನಿಂದ ಸವರಿದರು. ಎರಡರ ತಿರುಪೂ ಒಂದೇ ಕಡೆ ಇರಬೇಕಿತ್ತು. ಮುಂದಿನದರದು ಬಲಕ್ಕಿತ್ತು, ಹಿಂದಿನದರದು ಎಡಕ್ಕೆ. ಆಯುಧಪೂಜೆಗೆ ಎಲ್ಲ ಬಿಚ್ಚಿ ಎಣ್ಣೆ ಹಚ್ಚಿದ್ದವರು ಅವರೇ, ಮತ್ತೆ ಜೋಡಿಸಿದವರೂ ಅವರೇ. ಎದ್ದು ನಿಂತು ಹುಡುಗಿಯ ಕಡೆ ತಿರುಗಿದರು.

"ತಪ್ಪು ನಂದು, ದುರ್ಗವ್ವಾ. ಎರಡು ತಿಂಗಳು ಸುಮ್ಮಸುಮ್ಮನ ನಿನ್ನ ಬೆರಳಿಗೆ ಬೈದೆ."

ದುರ್ಗಾ ತನ್ನ ಬಲಗೈ ತೋರುಬೆರಳನ್ನು ಎತ್ತಿ ನೋಡಿಕೊಂಡಳು, ಹಿಂದೆಂದೂ ಕಾಣದವಳ ಹಾಗೆ. ನಕ್ಕಳು. ಕಣ್ಣಲ್ಲಿ ನೀರಿತ್ತು.

ಹಿಡಿಕೆ ತಿರುವಿ ಹಾಕಿದ್ದೇ ಗುಂಡು ನಡುವಿನ ಹತ್ತಿರಕ್ಕೆ ಬಂತು. ತಿರುಪನ್ನು ಇನ್ನೂ ಆರು ಸಲ ಟಿಕ್ ಅನ್ನಿಸಿದ್ದಕ್ಕೆ ನಟ್ಟನಡುವೆ ಬಂತು. ಆದರೆ ದುರ್ಗಾ ಮಲಗಿ ಹೊಡೆದರೆ ಗುಂಡು ಎಡಕ್ಕೆ ಬಿತ್ತು. ಎರಡು ತಿಂಗಳು ಬಲಕ್ಕೆ ಬೀಳುವ ಗುಂಡಿಗೆ ಅಂಜಿ, ತನಗೇ ತಿಳಿಯದ ಹಾಗೆ ತುಸು ಎಡಕ್ಕೆ ಗುರಿ ಇಟ್ಟು ರೂಢಿಯಾಗಿತ್ತು. ಮೂವರೂ ಹೊಟ್ಟೆ ಹಿಡಿದು ನಕ್ಕರು. ನಟ್ಟನಡುವೆ ನೋಡು, ಗಾಜನ್ನು ನಂಬು ಎಂದು ಪದ್ಮಜಾ ಕಿವಿಯ ಹತ್ತಿರ ಹೇಳುತ್ತ ಕೂತಳು. ಹನ್ನೊಂದನೆಯ ಗುಂಡಿಗೆ ಕಪ್ಪು ಚುಕ್ಕೆ ಹಾರಿಹೋಯಿತು.

ಹೋಗುವ ಮುಂಚೆ ಸರ್ ಬಂದೂಕನ್ನು ಪದ್ಮಜಾಳ ಕೈಗೆ ಕೊಟ್ಟರು. ಅವಳು ಒಲ್ಲೆ ಒಲ್ಲೆ ಎನ್ನುತ್ತಲೇ ಸೆರಗು ಸಿಕ್ಕಿಸಿ, ಐವತ್ತಾರು ವರ್ಷದ ಮೊಣಕಾಲುಗಳನ್ನು ಒಂದೊಂದಾಗಿ ಒಪ್ಪಿಸಿ, ಗೋಣಿತಟ್ಟಿನ ಮೇಲೆ ಮಲಗಿದಳು. ಗುಂಡು ಕಾಗದವನ್ನೂ ಹಲಗೆಯನ್ನೂ ಬಿಟ್ಟು ಹಿಂದಿನ ಚೀಲಕ್ಕೆ ಬಡಿಯಿತು. ಕೆಂಪು ಖಾರದ ಧೂಳೆದ್ದು ಮೂವರೂ ಸೀನುತ್ತ ಅಂಗಳಕ್ಕೆ ಓಡಿದರು. ಸೀನಿನ ನಡುವೆಯೇ ಪದ್ಮಜಾ, ಇನ್ನೊಂದು ಹೊಡೆಯಬಹುದೇ ಎಂದು ಕೇಳಿದಳು.

ಐತವಾರ ದುರ್ಗಾ ಎರಡನೆಯ ಸ್ಥಾನ ಪಡೆದು ತಂಡಕ್ಕೆ ಆಯ್ಕೆಯಾದಳು. ಹಾವೇರಿ ಬಸ್ ಸ್ಟ್ಯಾಂಡಿನಿಂದ ಪದ್ಮಜಾಳಿಗೆ ಫೋನ್ ಮಾಡಿ, ಮೊದಲು ಹೇಳಿದ್ದು ಅವ್ವನಿಗೆ, ಆಮೇಲೆ ನಿಮಗೇ ಎಂದಳು.

ಮುಂದಿನ ಗುರುವಾರ ಎರಡು ಗಂಟೆಗೆ ಪದ್ಮಜಾ ಮತ್ತೆ ಶಟರ್ ಎಳೆದಳು. ಯೂಸುಫಸಾಬ ಈ ಸಲ ಏನೂ ಕೇಳದೆ, ಬಂದ ಗಿರಾಕಿಗಳನ್ನು ತನ್ನ ಬೆಂಚಿನ ಮೇಲೆ ಕೂಡಿಸಿಕೊಂಡ.

ಗೋದಾಮಿನ ಹೆಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಗುರಿಯ ಕಾಗದದ ಮೇಲೆ ಬಿದ್ದಿತ್ತು. ಪದ್ಮಜಾ ಉಸಿರು ಹಿಡಿದು, ಕೂಡುಗೆರೆಯನ್ನು ಕಪ್ಪು ಚುಕ್ಕೆಯ ಮೇಲೆ ತಂದು, ಬೆರಳು ಬಾಗಿಸಿದಳು. ಆಗ ಕಾಗದದ ಅಂಚಿನಿಂದ ಒಂದು ಹಲ್ಲಿಮರಿ ತಲೆ ಹಾಕಿತು. ಎರಡು ಹೆಜ್ಜೆ ನಡೆದು, ಚುಕ್ಕೆಯ ನಡುವೆ ಬಂದು, ಬಿಸಿಲು ಕಾಯಿಸುತ್ತ ನಿಂತಿತು. ಹಿಂದಿನಿಂದ ಸರ್, ಯಾಕೆ ತಡ ಎಂದರು. ಅವಳು ಕುದುರೆಯಿಂದ ಬೆರಳು ತೆಗೆದು, ಗಾಜಿಗೆ ಕಣ್ಣು ಹಚ್ಚಿಕೊಂಡೇ ಇದ್ದಳು, ಅದರ ಪುಟ್ಟ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತ.